ಎದುರು ಹುರಿಯ ದಾರ

ಹೊಲಿಗೆ ಮಿಷನ್ ಇದ್ದ ಮನೆಗಳನ್ನು ನಮ್ಮ ಹೊಳೆನರಸೀಪುರದಲ್ಲಿ ಬೆರಳು ಮಡಿಸಿ ಎಣಿಸಬಹುದಾಗಿದ್ದ ಕಾಲ ಅದು. ದಾರ ಮುಗಿದ ಮರದ ರೀಲೆಂದರೆ ಮಕ್ಕಳ ಪಾಲಿಗೆ ದೊಡ್ಡ ಆಸ್ತಿ. ಎರಡು ರೀಲಿಗೆ ಒಂದು ಕಡ್ಡಿ ತೂರಿಸಿದರೆ ಗಾಡಿಯ ಚಕ್ರವಾಗುತ್ತಿತ್ತು. ಹತ್ತು ಗಜ್ಜುಗ ಕೊಟ್ಟು ಒಂದು ರೀಲು ಪಡೆದವರುಂಟು. ನಮ್ಮ ಮನೆಯಲ್ಲಿ ಮಿಷನ್ ಇದ್ದುದರಿಂದ ಬೀದಿಯಲ್ಲಿ ನಾನೂ ನಮ್ಮಣ್ಣನೂ ಸಿರಿವಂತರೇ. ಆಮೇಲೆ ಯುದ್ಧ ಬಂತು. ರೀಲು ಬರುವುದು ಕಮ್ಮಿಯಾಯಿತು, ನಿಂತೇ ಹೋಯಿತು. ಬೀದಿಯ ಗಾಡಿಗಳೂ ನಿಂತವು.

ನಾನು ಹೇಳಹೊರಟಿರುವುದು ಯುದ್ಧದ ಎರಡನೆಯ ವರ್ಷದ ಮಾತೋ ಮೂರನೆಯ ವರ್ಷದ್ದೋ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಮೈಸೂರಿಗೆ ಓದಲು ಹೋದ ಮೇಲೆ. ಹಾಗಾಗಿ ಇದಕ್ಕೆ ಬರವಣಿಗೆಯ ಸಾಕ್ಷಿ ಏನೂ ಇಲ್ಲ. ಇರುವುದು ನೆನಪು. ನೆನಪು ತನಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಸಾಡುತ್ತದೆ ಎಂಬುದನ್ನು ಬಲ್ಲೆ. ಅವರೆಕಾಯಿಯ ಕಾಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಏಕೆಂದರೆ ನೂಲುವ ಹತ್ತಿಗೆ ಕೈ ಹಾಕುವ ಮುಂಚೆ ಅಜ್ಜಿ ನನ್ನ ಬೆರಳನ್ನು ಮೂಸಿ ನೋಡುತ್ತಿದ್ದಳು. ಸೊಗಡಿನ ವಾಸನೆ ಬಂದರೆ ಮತ್ತೆ ಕೈ ತೊಳೆಯಲು ಹಿತ್ತಿಲಿಗೆ ಅಟ್ಟುತ್ತಿದ್ದಳು.

ಮಿಷನ್ ಗಿರಿಜತ್ತೆಯದು. ಗಿರಿಜತ್ತೆ ನಮ್ಮಪ್ಪನ ತಂಗಿ. ಅರಕಲಗೂಡಿಗೆ ಕೊಟ್ಟಿದ್ದರು. ಮದುವೆಯಾಗಿ ಐದಾರು ವರ್ಷಕ್ಕೆ ಗಂಡ ತೀರಿಹೋದರು. ತಿಥಿಯೆಲ್ಲ ಮುಗಿದ ಮೇಲೆ ಎತ್ತಿನಗಾಡಿಯಲ್ಲಿ ಒಂದು ಟ್ರಂಕು, ಗೋಣಿತಾಟಿನಲ್ಲಿ ಸುತ್ತಿದ ಈ ಕೈ ಮಿಷನ್, ಇಷ್ಟನ್ನೇ ಹೇರಿಕೊಂಡು ತವರಿಗೆ ಬಂದಳು. ಅದು ಅವಳ ಗಂಡ ತಂದುಕೊಟ್ಟಿದ್ದ ಮಿಷನ್. ಅರಕಲಗೂಡಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅವಳ ಭಾವ ಶಿವರುದ್ರಪ್ಪನವರು ಮಾತ್ರ ಅದನ್ನು ಮನೆತನದ ಸೊತ್ತೆಂದೇ ಎಣಿಸಿದ್ದರು. ಹಾಗೆಂದು ಜಗಳವಾಡಿದವರಲ್ಲ. ಬಂದಾಗಲೆಲ್ಲ ನಗುನಗುತ್ತಲೇ ಹೇಳುತ್ತಿದ್ದರು:

"ನೋಡಮ್ಮ ಗಿರಿಜಮ್ಮ, ಅದು ಓಡೋವರ್ಗೂ ಇಲ್ಲೇ ಇರ್ಲಿ, ನಂದೇನೂ ಇಲ್ಲ. ನಿಂತ ದಿನ ಹೇಳ್ಕಳ್ಸು, ಗಾಡಿ ಕಟ್ಕಂಡು ಬತ್ತೀನಿ. ನೀನೂ ಬಂದ್ಬುಡು. ಅಷ್ಟು ದೊಡ್ಡ ಮನೆ, ಒಲೆ ಮುಂದೆ ಒಂದಾಳು ಸಾಲ್ದು."

ಆ ಒಲೆಯ ಮುಂದೆ ಗಿರಿಜತ್ತೆ ವರ್ಷಗಟ್ಟಲೆ ಕೂತೆದ್ದವಳು. ಭಾವನ ಮುಂದೆ ತಲೆ ತಗ್ಗಿಸಿ "ಆಗ್ಲಿ ಭಾವ" ಅನ್ನುತ್ತಿದ್ದಳು. ಅವರು ಬೀದಿ ತಿರುಗಿದ ಮೇಲೆ ಮಿಷನ್ನಿನ ಮುಂದೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ಒಂದು ಹಳೇ ಬಟ್ಟೆ ಕೊಟ್ಟು ಓಡಿಸುತ್ತಿದ್ದಳು. ಬಾಣಲೆಯಲ್ಲಿ ಹುರುಳಿ ಸಿಡಿಯುವಂಥ ಅದರ ಸದ್ದು ಅಡಿಗೆಮನೆಗೆ, ಹಿತ್ತಿಲಿಗೆ, ಬೀದಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಓಡಿಸುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಆ ವರ್ಷ ಹಳ್ಳಿಮೈಸೂರಿನ ಕಡೆಯ ಗೌಡರೊಬ್ಬರ ಮನೆಯಿಂದ ಮದುವೆಯ ರವಿಕೆ ಹೊಲಿಯಲು ಕೊಟ್ಟರು. ಎಂಟು ರವಿಕೆ. ಮಾಘದಲ್ಲಿ ಮದುವೆ. ಬಟ್ಟೆ ಹೇಗೋ ಹೊಂದಿಸಿ ತಂದಿದ್ದರು, ದಾರವಿರಲಿಲ್ಲ. ಗಿರಿಜತ್ತೆಯ ಬಳಿ ಇದ್ದ ಕೊನೆಯ ವಿಲಾಯಿತಿ ರೀಲು, ಆರು ಎಳೆಯದು, ಮೊದಲನೆಯ ರವಿಕೆಯ ಅರ್ಧಕ್ಕೇ ಮುಗಿಯಿತು. ಪೇಟೆಯಲ್ಲಿ ಸಿಕ್ಕಿದ್ದು ರಟ್ಟಿನ ತುಂಡಿಗೆ ಸುತ್ತಿದ, ಬೂದಿ ಬಣ್ಣದ, ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲದ ದಾರ.

"ಯುದ್ಧದ್ ದಾರ ಕಣಮ್ಮ, ನಾನೇನು ಮಾಡ್ಲಿ?" ಎಂದ ಅಂಗಡಿಯವನು. "ಬ್ಯಾಡ ಅಂದ್ರೆ ಇಟ್ಬುಡಿ. ನಾಳೀಕೆ ಇದೂ ಇರಾಕಿಲ್ಲ."

ಆ ದಾರ ಬಿಚ್ಚಿದರೆ ಎರಡೇ ಎಳೆ. ಒಂದು ಗೇಣು ದಪ್ಪ, ಮುಂದಿನ ಗೇಣು ಸಣ್ಣ. ದಪ್ಪದ ಭಾಗ ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಸಣ್ಣದು ಪಟ್ಟನೆ ಹರಿಯುತ್ತಿತ್ತು. ಹರಿಯದೆ ಓಡಿದಲ್ಲಿ ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿತ್ತು, ಬಟ್ಟೆಯ ಅಡಿಯಲ್ಲಿ ಗಂಟು ಕಟ್ಟುತ್ತಿತ್ತು. ಹೊಲಿಗೆಯ ತಟ್ಟೆಯ ಕೆಳಗೆ ಇಲಿಯ ಗೂಡಿನಷ್ಟು ನವಿರು ತುಂಬಿತ್ತು. ನಾನು ಪಕ್ಕದಲ್ಲಿ ಕೂತು ಬೆಂಕಿಕಡ್ಡಿಯಿಂದ ಅದನ್ನು ಕೆದಕಿ ತೆಗೆಯುತ್ತಿದ್ದೆ. ಕೈಯಲ್ಲಿ ಎಣ್ಣೆಯ ವಾಸನೆ.

"ಕೈಯಲ್ಲಿ ಹೊಲಿದ್ರೆ ಹರಿಯಲ್ಲವಲ್ಲ ಅತ್ತೆ?" ಎಂದು ಕೇಳಿದೆ.

"ಕೈ ಹೊಲಿಗೇಲಿ ದಾರ ಒಂದ್ಸಲ ಬಟ್ಟೆ ದಾಟಿದ್ರೆ ಮುಗೀತು ಮಂಗಳಾ. ಇಲ್ಲಿ ಹಂಗಲ್ಲ. ಅದೇ ದಾರ ಸೂಜಿ ಕಣ್ಣಲ್ಲಿ ಇಳೀತದೆ, ಹತ್ತುತದೆ, ಇಳೀತದೆ, ಹತ್ತುತದೆ. ಎಷ್ಟೋ ಸಲ ಉಜ್ಜಿಸ್ಕಂಡ ಮೇಲೇ ಅದು ಬಟ್ಟೇಲಿ ಕೂರೋದು. ಸುಳ್ಳು ದಾರ ಆದ್ರೆ ಅಷ್ಟೊತ್ತಿಗೆ ಗುಟ್ಟೆಲ್ಲ ಹೊರಗೆ."

ಆಗ ಅಜ್ಜಿ ತನ್ನ ದಾರ ಕೊಡುತ್ತೇನೆಂದಳು. ಅಜ್ಜಿ ನೂಲು ತೆಗೆಯುತ್ತಿದ್ದುದು ಶಿವದಾರಕ್ಕೆ. ನಮ್ಮವರು ಕೊರಳಲ್ಲಿ ಲಿಂಗದ ಕರಡಿಗೆಯನ್ನು ಕಟ್ಟಿಕೊಳ್ಳುವ ದಾರ ಅದು. ಹತ್ತಿ ಬಿಡಿಸಿ, ಬತ್ತಿಯಂತೆ ಉರುಳಿಸಿ ಹಂಜಿ ಮಾಡಿ, ಕದಿರಿನಲ್ಲಿ ಎಳೆ ತೆಗೆದು, ಎಳೆಗಳನ್ನು ಸೇರಿಸಿ ತೊಡೆಯ ಮೇಲೆ ಹುರಿ ಮಾಡಿ, ವಿಭೂತಿ ಹಚ್ಚಿ ಕೊಡುತ್ತಿದ್ದಳು. ಬೀದಿಯಲ್ಲಿ ಮಗುವಿಗೆ ಲಿಂಗ ಕಟ್ಟುವುದಾದರೆ ಅಜ್ಜಿಯ ದಾರವೇ ಆಗಬೇಕು. ಅದನ್ನು ಮಿಷನ್ನಿಗೆ ಕೊಡುವುದೆಂದರೆ ಸಾಮಾನ್ಯವೇ?

ಕೊಡುವ ಮೊದಲು ಅಜ್ಜಿ ಪರೀಕ್ಷೆ ಮಾಡಿ ತೋರಿಸಿದಳು. ಯಾವ ದಾರವನ್ನೇ ಆಗಲಿ ಅವಳು ಹಾಗೇ ಪರೀಕ್ಷಿಸುತ್ತಿದ್ದುದು. ಪಡಸಾಲೆಯ ತೊಲೆಯ ಕೊಕ್ಕೆಗೆ ದಾರ ಕಟ್ಟಿ, ಅದರ ತುದಿಗೆ ಅರ್ಧ ನೀರಿದ್ದ ಹಿತ್ತಾಳೆ ತಂಬಿಗೆಯನ್ನು ತೂಗಿಬಿಡುವುದು. ಮೊದಲು ಪೇಟೆಯ ದಾರ. ತಂಬಿಗೆ ಎರಡು ಸುತ್ತು ತಿರುಗಿತು, ದಾರ ಹರಿಯಿತು, ತಂಬಿಗೆ ಕೆಳಗೆ ಬಗ್ಗಿ ನೋಡುತ್ತಿದ್ದ ಅಣ್ಣನ ಕಾಲ ಬಳಿ ಬಿತ್ತು. ಅವನ ಚಡ್ಡಿಯೆಲ್ಲ ಒದ್ದೆ.

"ಇಷ್ಟು ದೊಡ್ಡೋನಾಗಿ ಚಡ್ಡೀಲೇ ಮಾಡ್ಕಂಡ ಅಂತ ಮೇಷ್ಟ್ರಿಗೆ ಏಳ್ತೀನಿ ತಡಿ," ಎಂದಳು ಅಜ್ಜಿ.

ಆಮೇಲೆ ತನ್ನ ಸಣ್ಣ ಮೂರೆಳೆ ದಾರ ಕಟ್ಟಿದಳು. ತಂಬಿಗೆ ಒಂದು ಕಡೆ ತಿರುಗಿ, ಇನ್ನೊಂದು ಕಡೆ ತಿರುಗಿ, ನಿಂತಿತು. ನಾವು ಊಟ ಮಾಡಿ ಎದ್ದಾಗಲೂ ಅಲ್ಲೇ ತೂಗುತ್ತಿತ್ತು. ಇದಕ್ಕಿಂತ ಒಳ್ಳೆಯ ದಾರ ಮೈಸೂರು ಸೀಮೆಯಲ್ಲಿಲ್ಲ ಎಂದು ನಾವೆಲ್ಲ ತೀರ್ಮಾನಿಸಿದೆವು. ಎಡವಿದ್ದು ಅಲ್ಲೇ.

ಮಿಷನ್ನಿಗೆ ಹಾಕಿದರೆ ನಾಲ್ಕು ಬೆರಳು ಹೊಲಿಗೆ ಬಿತ್ತು, ದಾರ ಹರಿಯಿತು. ಮತ್ತೆ ಪೋಣಿಸಿದಳು. ಮತ್ತೆ ನಾಲ್ಕು ಬೆರಳು. ಮೇಣ ಹಚ್ಚಿ ನೋಡಿದಳು. ತಿರುಪು ಸಡಿಲ ಮಾಡಿದಳು, ಬಿಗಿ ಮಾಡಿದಳು. ದಪ್ಪ ಸೂಜಿ ಹಾಕಿದಳು. ಎಣ್ಣೆ ಬಿಟ್ಟಳು. ಸೂಜಿಯ ಹತ್ತಿರ ದಾರದ ಹುರಿ ತಾನಾಗಿ ಬಿಚ್ಚಿಕೊಂಡು ಮೂರು ಎಳೆಯೂ ಜೋಲುತ್ತಿದ್ದವು. ಅವುಗಳಲ್ಲಿ ಒಂದು ಎಲ್ಲೋ ಸಿಕ್ಕಿಕೊಂಡು ಕಡಿದುಹೋಗುತ್ತಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಗಿರಿಜತ್ತೆ ಬಾಯಿ ತಪ್ಪಿ ಅಂದುಬಿಟ್ಟಳು: "ನಿನ್ನ ದಾರಾನೂ ಆಗಲ್ಲ ಕಣವ್ವ."

ಅಜ್ಜಿ ಕದಿರು ಕೆಳಗಿಟ್ಟಳು. "ನನ್ನ ದಾರದ ಮೇಲೆ ಲಿಂಗ ನಿಂತದೆ. ನಿನ್ನ ಸೂಜಿ ನಿಲ್ಲಾಕಿಲ್ವ? ದಾರ ಆಡ್ಕಬ್ಯಾಡ, ನಿನ್ನ ಮಿಷನ್ನೇ ಕೆಟ್ಟದೆ." ಹಾಗೆಂದು ದಾರದ ಉಂಡೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಗಿರಿಜತ್ತೆಗೆ ಅಜ್ಜಿಯ ಸಿಟ್ಟಿಗಿಂತ ಹೆಚ್ಚು ನಾಟಿದ್ದು ಆ ಕೊನೆಯ ಮಾತು. ತಂಬಿಗೆ ಹೊರುವ ದಾರವೇ ಹರಿಯುತ್ತದೆ ಎಂದರೆ ಕೆಟ್ಟಿರುವುದು ಮಿಷನ್ನೇ ಎಂದು ಅಪ್ಪನೂ ಹೇಳಿದರು. ಅರಕಲಗೂಡಿಗೆ ಆ ಸುದ್ದಿ ಯಾರು ಮುಟ್ಟಿಸಿದರೋ, ಮುಂದಿನ ವಾರ ಗಾಡಿ ತರುವುದಾಗಿ ಶಿವರುದ್ರಪ್ಪನವರಿಂದ ಕಾಗದ ಬಂತು. ಅಪ್ಪ ಓದಿ ಹೇಳಿದರು. ಗಿರಿಜತ್ತೆ ಎದ್ದು ಹೋದಳು. ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಪಕ್ಕದಲ್ಲಿ ಕೂತು, ಸಿಪ್ಪೆಯ ಗುಡ್ಡೆಗೆ ಕಾಳನ್ನೂ, ಕಾಳಿನ ಮೊರಕ್ಕೆ ಸಿಪ್ಪೆಯನ್ನೂ ಹಾಕುತ್ತಿದ್ದಳು.

"ಅಲ್ಲಿಗೋದ್ರೆ ನಾನು ಇನ್ನು ಮೇಲೇಳಲ್ಲ ಅತ್ತಿಗೆ," ಎಂದಳು. ಅಷ್ಟೇ. ನನಗೆ ಒಂಬತ್ತು ವರ್ಷ. ಅತ್ತೆ ಸತ್ತುಹೋಗುತ್ತಾಳೆ ಎಂದೇ ಅರ್ಥಮಾಡಿಕೊಂಡೆ.

ನಾನೂ ನೂಲು ತೆಗೆಯುತ್ತಿದ್ದೆ ಎಂದು ಇಲ್ಲಿ ಹೇಳಬೇಕು. ಅಜ್ಜಿಯ ಎದುರು ಕೂತು ನೋಡಿ ನೋಡಿ ಕಲಿತದ್ದು. ಆದರೆ ನಾನು ಎಡಚಿ. ಸ್ಕೂಲಿನಲ್ಲಿ ಮೇಷ್ಟರು ಗೆಣ್ಣಿನ ಮೇಲೆ ಹೊಡೆದು ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದ್ದರು. ಮನೆಯಲ್ಲಿ ಕದಿರು ಮಾತ್ರ ಎಡಗೈಯಲ್ಲೇ ತಿರುಗುತ್ತಿತ್ತು, ಹುರಿ ಹೊಸೆಯುವುದೂ ಎಡಗೈಯಲ್ಲೇ. ಅಜ್ಜಿ ಅದಕ್ಕೆ ಹೊಡೆಯುತ್ತಿರಲಿಲ್ಲ. ನನ್ನ ನೂಲನ್ನು ತನ್ನ ಬುಟ್ಟಿಗೆ ಹಾಕಿಸಿಕೊಳ್ಳುತ್ತಲೂ ಇರಲಿಲ್ಲ. "ಅದ್ನ ಬ್ಯಾರೆ ಇಡು ಕೂಸೆ," ಅನ್ನುತ್ತಿದ್ದಳು. ಬೇರೆ ಇಟ್ಟ ಆ ದಾರದಲ್ಲಿ ಅಮ್ಮ ಹೂ ಕಟ್ಟುತ್ತಿದ್ದಳು.

ಕಾಗದ ಬಂದ ಮಾರನೆಯ ದಿನ ಗಿರಿಜತ್ತೆ ಸುಮ್ಮನೆ ಮಿಷನ್ನಿನ ಮುಂದೆ ಕೂತಿದ್ದಳು. ಅಜ್ಜಿಯ ಉಂಡೆ ಇಲ್ಲ, ಪೇಟೆಯ ದಾರ ಮುಗಿದಿತ್ತು. ಕೈಗೆ ಸಿಕ್ಕಿದ್ದು ಹೂವಿನ ಬುಟ್ಟಿಯಲ್ಲಿದ್ದ ನನ್ನ ಉಂಡೆ. ಎಳೆ ಬಿಡಿಸಿ ಸೂಜಿಗೆ ಪೋಣಿಸತೊಡಗಿದಳು.

"ಅತ್ತೆ, ಬೇಡ! ಅದು ಎಡಗೈದು. ಮದುವೆ ರವಿಕೆ," ಎಂದೆ.

"ಮಿಷನ್ನಿಗೆ ಎಡಗೈ ಇಲ್ಲ ಬಲಗೈ ಇಲ್ಲ, ಒಂದೇ ಹಿಡಿ ಇರೋದು," ಎಂದು ತಿರುಗಿಸಿದಳು.

ನಾಲ್ಕು ಬೆರಳು ಹೋಯಿತು. ಒಂದು ಗೇಣು ಹೋಯಿತು. ಅವಳು ತೋಳಿನ ಅಂಚು ಮುಗಿಸಿದಳು. ಹರಿಯಲಿಲ್ಲ. ನನ್ನ ದಾರ ಒರಟು, ಅಲ್ಲಲ್ಲಿ ಗಂಟೂ ಇತ್ತು. ಆದರೂ ಸೂಜಿಯ ಬಳಿ ಅದರ ಹುರಿ ಬಿಚ್ಚುತ್ತಿರಲಿಲ್ಲ, ಇನ್ನಷ್ಟು ಬಿಗಿಯಾಗುತ್ತಿತ್ತು. ಬಟ್ಟೆ ತೆಗೆದು ಮಗುಚಿ ನೋಡಿದಳು. ಎಳ್ಳಿನ ಸಾಲಿನಂತೆ ಹೊಲಿಗೆ ಬಿದ್ದಿತ್ತು. ಅವಳು ಕೂಗಿದ ಕೂಗಿಗೆ ಅಮ್ಮ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

"ಓಡ್ತು ಅತ್ತಿಗೆ! ಕೆಟ್ಟಿಲ್ಲ. ನನ್ನ ಮಿಷನ್ ಕೆಟ್ಟಿಲ್ಲ!"

ಕೊನೆಗೆ ಅಜ್ಜಿಯೂ ಬಂದಳು. ಮುನಿಸು ಇನ್ನೂ ಇಳಿದಿರಲಿಲ್ಲ. ರವಿಕೆಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದಳು. ನನ್ನ ದಾರದ ತುದಿಯನ್ನು ಬೆರಳ ನಡುವೆ ಹೊಸೆದಳು. ತನ್ನ ದಾರ ತರಿಸಿ ಅದನ್ನೂ ಹೊಸೆದಳು. "ಇದ್ನ ನಿಧಾನುಕ್ಕೆ ತಿರುಗ್ಸು ನೋಡಾನ," ಎಂದು ಗಿರಿಜತ್ತೆಗೆ ಹೇಳಿ, ಸೂಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅವಳ ಕರಡಿಗೆ ಮಿಷನ್ನಿಗೆ ತಗುಲಿ ಟಣ್ ಎಂದಿತು.

"ಅಂಗಾ," ಎಂದಳು. "ನಿನ್ನ ಮಿಷನ್ನು ದಾರಾನ ಹೊಸೀತದೆ ಕಣೆ ಗಿರ್ಜಿ. ನನ್ನ ಹುರಿ ಒಂದು ಕಡೆಗೆ, ಅದು ಹೊಸಿಯೋದು ಇನ್ನೊಂದ್ ಕಡೆಗೆ. ಬಿಚ್ದೆ ಏನು ಮಾಡ್ತದೆ? ಈ ಎಡಚೀದು ಎದುರು ಹುರಿ. ಅದ್ಕೇ ನಾನು ನನ್ ದಾರಕ್ಕೆ ಸೇರಿಸ್ತಿರ್ನಿಲ್ಲ. ಎರಡೂ ಕೂಡಿದ್ರೆ ಎರಡೂ ಬಿಚ್ಕತವೆ. ಲಿಂಗ ಕೆಳಗೆ ಬಿದ್ರೆ ಯಾರು ಜವಾಬ್ದಾರಿ?"

ಈ ಮಾತನ್ನು ಅಜ್ಜಿ ಅವತ್ತು ಆಡಿದಳೆಂದು ಗಿರಿಜತ್ತೆ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು. ಅವಳು ಹೇಳಿದ ಮೇಲೆ ನನಗೂ ನೆನಪಾಯಿತು, ಅಥವಾ ನೆನಪಾದಂತಾಯಿತು. ಅಲ್ಲಿಯವರೆಗೂ ನಾನು ಕಾಲೇಜಿನ ಗೆಳತಿಯರಿಗೆ ಈ ಕಥೆಯನ್ನು ಬೇರೆ ಥರ ಹೇಳುತ್ತಿದ್ದೆ. ಎಡಗೈ ಅಪಶಕುನವೆಂದು ನನ್ನ ದಾರವನ್ನು ದೂರವಿಟ್ಟ ಮುದುಕಿ, ಕೊನೆಗೆ ಅದೇ ದಾರದ ಮುಂದೆ ಸೋತಳು ಎಂದು. ಕೇಳಿದವರು ನಕ್ಕು ಮೆಚ್ಚುತ್ತಿದ್ದರು. ಓದಿದವಳೆಂಬ ಜಂಬದಲ್ಲಿ ಅಜ್ಜಿಗೆ ಒಂದು ಮೂಢನಂಬಿಕೆಯನ್ನು ನಾನೇ ಅಂಟಿಸಿದ್ದೆನೇನೋ. ಸಸ್ಯಶಾಸ್ತ್ರದ ಲೆನ್ಸಿನಲ್ಲಿ ಅಂಗಡಿಯ ಮಿಷನ್ ದಾರವನ್ನೂ ಶಿವದಾರದ ಒಂದು ತುಂಡನ್ನೂ ಒಮ್ಮೆ ಇಟ್ಟು ನೋಡಿದ್ದೇನೆ. ಎರಡರ ಹುರಿಯೂ ಒಂದಕ್ಕೊಂದು ಎದುರಾಗಿ ಓರೆಯಾಗಿದ್ದವು. ನಾನು ಲೆನ್ಸಿನಲ್ಲಿ ಕಂಡದ್ದನ್ನು ಅಜ್ಜಿ ಬೆರಳಲ್ಲೇ ಕಂಡಿದ್ದಳು.

ಸರಿ, ಎಡಗೈಯ ನೂಲು ಬೇಕು, ಅದೂ ಆರೇಳು ದಿನದಲ್ಲಿ. ಅಜ್ಜಿ ತಾನೇ ಎದುರಾಗಿ ಕದಿರು ತಿರುಗಿಸಲು ಕೂತಳು. ಐವತ್ತು ವರ್ಷ ಒಂದೇ ಕಡೆ ತಿರುಗಿದ ಕೈ ಇನ್ನೊಂದು ಕಡೆಗೆ ಬಗ್ಗಲಿಲ್ಲ. ಎಳೆ ಪದೇ ಪದೇ ತುಂಡಾಗಿ ಕದಿರು ನೆಲಕ್ಕೆ ಬೀಳುತ್ತಿತ್ತು.

"ಈ ಜನ್ಮಕ್ಕಿಲ್ಲ ಬುಡು," ಎಂದು ನಕ್ಕುಬಿಟ್ಟಳು. "ಬಾರೆ ಎಡಚಿ, ನೀನೇ ಗತಿ."

ನನ್ನನ್ನು ಸ್ಕೂಲು ಬಿಡಿಸಿ ಕೂರಿಸಿದರು. ಬೆಳಿಗ್ಗೆ ರೊಟ್ಟಿ ತಿಂದು ಕೂತರೆ, ಮಧ್ಯಾಹ್ನ ಹಿದುಕಿದ ಬೇಳೆಯ ಸಾರಿಗೆ ಎದ್ದು ಮತ್ತೆ ಕೂರುವುದು. ಅಜ್ಜಿ ಹಂಜಿ ಮಾಡಿ ನನ್ನ ಎಡಗಡೆಗೆ ಇಡುತ್ತಿದ್ದಳು. ಎಳೆ ದಪ್ಪವಾದರೆ ಮಾತಾಡದೆ ನನ್ನ ಮೊಣಕೈ ಹಿಡಿದು ಒಂದಿಷ್ಟು ಎತ್ತುತ್ತಿದ್ದಳು. ಸಣ್ಣದಾದರೆ ಇಳಿಸುತ್ತಿದ್ದಳು. ನನ್ನ ಹೆಬ್ಬೆರಳು ಬಾತುಕೊಂಡಿತು. ಅಣ್ಣ ಸ್ಕೂಲಿನಿಂದ ಬಂದವನು, "ಮೇಷ್ಟ್ರು ಕೇಳಿದ್ರು, ಎಡಗೈಗೆ ಕೆಲ್ಸ ಸಿಕ್ಕದೆ ಸಾ, ಅಂದೆ," ಎಂದು ಅಣಕಿಸಿದ. ಎರಡನೆಯ ದಿನ ಗಿರಿಜತ್ತೆ ಇನ್ನೊಂದನ್ನು ಕಂಡುಕೊಂಡಳು: ಕೆಳಗಿನ ಬಾಬಿನ್ನಿಗೆ ಯಾವ ಹುರಿಯಾದರೂ ನಡೆಯುತ್ತದೆ, ಅದು ಸೂಜಿಯ ಕಣ್ಣಿಗೆ ಬರುವುದೇ ಇಲ್ಲ. ಮೇಲಕ್ಕೆ ನನ್ನ ದಾರ, ಕೆಳಕ್ಕೆ ಅಜ್ಜಿಯದು. ಅರ್ಧದಷ್ಟು ಕೆಲಸ ಇಳಿಯಿತು. ಅಜ್ಜಿ ತನ್ನ ಉಂಡೆಯನ್ನು ಮತ್ತೆ ಹೊರಗೆ ತಂದು ಮಿಷನ್ನಿನ ಪಕ್ಕದಲ್ಲೇ ಇಟ್ಟಳು.

ಶಿವರುದ್ರಪ್ಪನವರು ಬಂದ ದಿನದ ಬಗ್ಗೆ ನನಗೂ ಅಣ್ಣನಿಗೂ ಇಂದಿಗೂ ಹೊಂದಿಕೆಯಿಲ್ಲ. ಅವರು ಕಾಫಿ ಕುಡಿದು ಎದ್ದುಹೋದರು, ರವಿಕೆಯನ್ನು ಮುಟ್ಟಲೇ ಇಲ್ಲ ಎನ್ನುತ್ತಾನೆ ಅವನು. ನನ್ನ ಕಣ್ಣಿಗೆ ಕಟ್ಟಿರುವುದು ಇಷ್ಟು: ಬೀದಿಯಲ್ಲಿ ಗಾಡಿ, ಅದರಲ್ಲಿ ಮಿಷನ್ ಕಟ್ಟಲು ತಂದ ಹುಲ್ಲು, ಗೋಣಿತಾಟು. ಪಡಸಾಲೆಯಲ್ಲಿ ಗಿರಿಜತ್ತೆ ಏಳನೆಯ ರವಿಕೆ ಹೊಲಿಯುತ್ತಿದ್ದಾಳೆ. ಭಾವ ಬಂದರೂ ಏಳಲಿಲ್ಲ. ಅವಳು ಅವರ ಮುಂದೆ ಕೂತೇ ಇದ್ದದ್ದು ಅದೇ ಮೊದಲು.

"ಕೆಟ್ಟದೆ ಅಂದ್ರಲ್ಲ?" ಎಂದರು ಭಾವ, ಬಾಗಿಲಲ್ಲೇ ನಿಂತು.

"ಓಡ್ತಾ ಅದೆ ಭಾವ. ಕೂತ್ಕಳಿ," ಎಂದಳು ಅತ್ತೆ, ಕೈ ನಿಲ್ಲಿಸದೆ.

ಅವರು ಜವಳಿಯವರು. ಮುಗಿದ ರವಿಕೆಯೊಂದನ್ನು ಎತ್ತಿ, ಹೊಲಿಗೆಯ ಎರಡೂ ಕಡೆ ಹಿಡಿದು, ಎರಡು ಸಲ ಜಗ್ಗಿದರು. ಹೊಲಿಗೆ ಬಿಡಲಿಲ್ಲ. ಬೆಳಕಿಗೆ ಹಿಡಿದು ನೋಡಿ, "ದಾರ ಎಲ್ಲಿ ಸಿಕ್ತು? ಹಾಸನದಲ್ಲೂ ಇಲ್ವಲ್ಲ. ನಮ್ ಅಂಗ್ಡೀಗೂ ಒಂದೀಟು ಕೊಡ್ಸು," ಎಂದರು.

ಅಜ್ಜಿ ಮೂಲೆಯಿಂದ ಹೇಳಿದಳು: "ಅದು ಅಂಗ್ಡೀಗೆ ಕೊಡೋ ಅಂಥದ್ದಲ್ಲ ಬುಡಿ. ಗಾಡಿ ತಂದಿದೀರಿ, ಬರಿಗಾಡಿ ಯಾಕೆ? ಎರಡು ಮೂಟೆ ಅವರೆಕಾಯಿ ಹೇರ್ಕಂಡೋಗಿ."

ಅವರು ಹೇರಿಕೊಂಡೇ ಹೋದರು. ಇದನ್ನು ಅಣ್ಣನೂ ಒಪ್ಪುತ್ತಾನೆ.

ಗಿರಿಜತ್ತೆ ಅರಕಲಗೂಡಿಗೆ ಹೋಗಲಿಲ್ಲ. ಆ ಮನೆಯಲ್ಲೇ, ಆ ಪಡಸಾಲೆಯಲ್ಲೇ ಊರಿನ ಮೂರು ತಲೆಮಾರಿನ ಹೆಂಗಸರಿಗೆ ರವಿಕೆ ಹೊಲಿದಳು. ನಾನು ಮೈಸೂರಿಗೆ ಓದಲು ಹೊರಟಾಗ ಟ್ರಂಕಿನಲ್ಲಿದ್ದ ರವಿಕೆಗಳೆಲ್ಲ ಅವಳ ಕೈಯವೇ. ಭಾವನವರೂ ಆಮೇಲೆ ಮಿಷನ್ನಿನ ಮಾತೆತ್ತಲಿಲ್ಲ.

ಯುದ್ಧ ಮುಗಿಯುವವರೆಗೂ ನಾನು ಬಿಡುವಿದ್ದಾಗಲೆಲ್ಲ ನೂಲು ತೆಗೆದೆ. ಆಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿದ್ದ ಅಪ್ಪ ಅಲ್ಲಿ ಸಿಕ್ಕಿತೆಂದು ಒಳ್ಳೆಯ ರೀಲು ತಂದರು. ನುಣುಪಾದ ಬಿಳಿಯ ದಾರ, ಒಂದೂ ಗಂಟಿಲ್ಲ. ಗಿರಿಜತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಕುಣಿದಾಡಿದೆ. ಇನ್ನು ಕೂರುವ ಹಾಗಿಲ್ಲ, ಹೊಳೆಯ ಹತ್ತಿರ ಹೋಗಬಹುದು, ಕುಂಟಾಬಿಲ್ಲೆ ಆಡಬಹುದು. ಆ ರೀಲು ಬಂದ ದಿನ ನೆನಪಿದೆ, ಅದರ ಕಾಗದದ ಬಣ್ಣವೂ ನೆನಪಿದೆ. ನಾನು ಕೊನೆಯ ಸಲ ಅಜ್ಜಿಯ ಎದುರು ಕದಿರು ಹಿಡಿದು ಕೂತದ್ದು ಯಾವತ್ತು ಎಂಬುದು ಮಾತ್ರ ನೆನಪಿಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕೊನೆಯದೆಂದು ಗೊತ್ತಿದ್ದಿದ್ದರೆ ಗಮನಿಸುತ್ತಿದ್ದೆನೋ ಏನೋ. ಈಗ ನನ್ನ ಎಡಗೈಗೆ ಒಂದು ಎಳೆ ತೆಗೆಯಲೂ ಬಾರದು. ಹತ್ತಿ ಕೊಂಡು ತಂದು ಒಂದು ದಿನ ಪ್ರಯತ್ನಿಸಿದೆ. ಎಳೆ ನಿಲ್ಲಲಿಲ್ಲ. ಮೊಣಕೈ ಹಿಡಿದು ಎತ್ತುವವರೂ ಇಳಿಸುವವರೂ ಇರಲಿಲ್ಲ.

ಗಿರಿಜತ್ತೆ ಇರುವಾಗಲೇ ಇದನ್ನು ಒಮ್ಮೆ ಕೇಳಿದ್ದೆ: ರೀಲು ಬಂದ ಮೇಲೆ ಅಜ್ಜಿ ಏನಾದರೂ ಅಂದಳಾ ಎಂದು. ಅವಳು ಹೊಲಿಗೆ ನಿಲ್ಲಿಸಿದಳು.

"ಏನೂ ಅನ್ನಲಿಲ್ಲ ಕಣೆ. ಒಂದ್ ಎಂಟು ದಿನ ಬೆಳಿಗ್ಗೆ ಹಂಜಿ ಮಾಡಿ ನಿನ್ ಜಾಗದಲ್ಲಿ ಇಡ್ತಿದ್ಲು. ಸಾಯಂಕಾಲ ತಾನೇ ಎತ್ತಿಡ್ತಿದ್ಲು. ನೀನು ಆಟಕ್ಕೆ ಓಗಿರ್ತಿದ್ದೆ."